ಅರ್ಧ ಗೆದ್ದರೆ ದಾವೆ ಖರ್ಚು ಯಾರ ತಲೆಗೆ?

ಮೂಡಿಗೆರೆಯ ಬೆಳೆಗಾರರೊಬ್ಬರು ಚಿಕ್ಕಮಗಳೂರಿನ ವ್ಯಾಪಾರಿಗೆ ಕಾಫಿ ಮಾರಿದ್ದಾರೆ ಅಂದುಕೊಳ್ಳಿ. ಬಾಕಿ 4 ಲಕ್ಷ, ನಷ್ಟ ಪರಿಹಾರ 2 ಲಕ್ಷ, ಒಟ್ಟು 6 ಲಕ್ಷಕ್ಕೆ ದಾವೆ. ಕೋರ್ಟು ಬಾಕಿ ಕೊಡಿಸಿತು, ಪರಿಹಾರ ಕೊಡಲಿಲ್ಲ. ಈಗ ಖರ್ಚು ಯಾರದ್ದು?

ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 35 ನೋಡಿ. ಖರ್ಚು ಕೊಡಿಸುವುದು ನ್ಯಾಯಾಧೀಶರ ವಿವೇಚನೆ. ಸಾಮಾನ್ಯವಾಗಿ ಗೆದ್ದವರಿಗೆ ಸಿಗಬೇಕು. ಕೊಡಿಸದಿದ್ದರೆ ಕಾರಣ ಬರೆಯಲೇಬೇಕು. ಕಾನೂನು ಪರೀಕ್ಷೆಯಲ್ಲಿ ಜಾಸ್ತಿ ಜನ ಬಿಟ್ಟುಬಿಡುವುದು ಈ ಕೊನೆಯ ಮಾತನ್ನೇ.

ಆದರೆ ನಮ್ಮ ಉದಾಹರಣೆ ಮಾಲು ಮಾರಾಟದ್ದು, ಮೊತ್ತವೂ 3 ಲಕ್ಷಕ್ಕಿಂತ ಹೆಚ್ಚು. ಹಾಗಾಗಿ ಇದು ವಾಣಿಜ್ಯ ವ್ಯಾಜ್ಯ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇಂಥ ದಾವೆಗಳಿಗೆ ಕಲಂ 35ನ್ನೇ ಹೊಸದಾಗಿ ಬರೆದಿದೆ. ಒಂದು ಭಾಗದಲ್ಲಿ ಮಾತ್ರ ಗೆದ್ದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅಂತ ಅಲ್ಲಿ ನೇರವಾಗಿಯೇ ಇದೆ.

ಹಾಗಾದರೆ ಆರರಲ್ಲಿ ನಾಲ್ಕು ಗೆದ್ದವರಿಗೆ ಖರ್ಚಿನ ಮೂರರಲ್ಲಿ ಎರಡು ಪಾಲು, ಅಷ್ಟೇ ಅಲ್ವಾ? ಹಾಗೆ ಕೊಡಿಸಬಹುದು, ಆದರೆ ಅದು ಕಟ್ಟುಪಾಡಲ್ಲ. ಬಾಕಿಯ ಬಗ್ಗೆ ತಕರಾರೇ ಇರಲಿಲ್ಲ, ಸಾಕ್ಷಿ, ಪಾಟೀಸವಾಲು ಎಲ್ಲ ನಡೆದದ್ದು ಆ 2 ಲಕ್ಷಕ್ಕೇ ಅಂತಿಟ್ಟುಕೊಳ್ಳಿ. ಆಗ ಬೆಳೆಗಾರರ ಪಾಲು ಇನ್ನೂ ಇಳಿಯಬಹುದು. ಅಥವಾ ದಾವೆಗೆ ಮೊದಲೇ ವ್ಯಾಪಾರಿ, “4 ಲಕ್ಷದ 20 ಸಾವಿರ ಕೊಡುತ್ತೇನೆ, ಮುಗಿಸೋಣ” ಅಂತ ನೋಟಿಸಿಗೆ ಉತ್ತರ ಬರೆದಿದ್ದರೆ? ಅದನ್ನು ಒಪ್ಪದೆ ಕೋರ್ಟಿಗೆ ಬಂದು 4 ಲಕ್ಷ ಪಡೆದವರನ್ನು ಗೆದ್ದವರು ಅನ್ನಬೇಕಾ? ಸರಿಯಾದ ರಾಜಿ ಮಾತನ್ನು ಸುಮ್ನೆ ತಳ್ಳಿಹಾಕಿದ್ದನ್ನೂ ನೋಡಬೇಕು ಅನ್ನುತ್ತದೆ ಹೊಸ ಕಲಂ. ನನ್ನ ಪ್ರಕಾರ ಅದರಲ್ಲಿ ಅತ್ಯಂತ ಕೆಲಸಕ್ಕೆ ಬರುವ ಅಂಶ ಇದೇ. ಇಂಥ ಪತ್ರ ಇದ್ದರೆ ಜೋಪಾನವಾಗಿ ಫೈಲಿನಲ್ಲಿಡಿ.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಕಲಂ 35-ಎಯನ್ನು ಇದರ ಜೊತೆ ಬೆರೆಸಬೇಡಿ. ಅದು ಸುಳ್ಳು ದಾವೆ ಅಥವಾ ಸುಳ್ಳು ತಕರಾರಿಗೆ ಕೊಡಿಸುವ ಪರಿಹಾರ. ಮಾಮೂಲಿ ದಾವೆಯಲ್ಲಿ ಅದರ ಮಿತಿ 3,000 ರೂಪಾಯಿ. ಒಂದು ಮೂಟೆ ಕಾಫಿಯೂ ಬರಲ್ಲ! ವಾಣಿಜ್ಯ ವ್ಯಾಜ್ಯಗಳಿಗೆ ಈ ಮಿತಿ ತೆಗೆದಿದ್ದಾರೆ.

ಡಿಕ್ರಿಯಲ್ಲಿ, ಅಂದರೆ ತೀರ್ಪಿನ ಮೇಲೆ ಹೊರಡುವ ಆಜ್ಞೆಯಲ್ಲಿ, ಖರ್ಚು ಎಷ್ಟು, ಯಾರು, ಯಾವ ಪಾಲಿನಲ್ಲಿ ಕೊಡಬೇಕು ಅಂತ ಬರೆದಿರಬೇಕು. ಇದು ಅದೇ ಸಂಹಿತೆಯ ಆದೇಶ 20, ನಿಯಮ 6. ಬೆಳೆಗಾರರೇ ವ್ಯಾಪಾರಿಗೆ ಒಂದಿಷ್ಟು ಖರ್ಚು ಕೊಡಬೇಕಾಗಿ ಬಂದರೆ, ಅದನ್ನು ಅವರಿಗೆ ಬರುವ 4 ಲಕ್ಷದಲ್ಲೇ ವಜಾ ಮಾಡಿಕೊಳ್ಳಿ ಅಂತಲೂ ಕೋರ್ಟು ಹೇಳಬಹುದು.