ತಿಳಿ ನೀರನ್ನು ನಂಬಬೇಡಿ

ಮೀನು ಸಾಕಲು ಅಂಚುಪಟ್ಟಿ ಇಲ್ಲದ ಗಾಜಿನ ತೊಟ್ಟಿ ನೋಡಲು ಎಷ್ಟು ಚೆಂದ ಅಲ್ವಾ! ಮೇಲೆ ಚೌಕಟ್ಟಿಲ್ಲ, ಅಡ್ಡಪಟ್ಟಿ ಇಲ್ಲ, ಬರೀ ಗಾಜು ಮತ್ತು ನೀರು. ಆದರೆ ಆ ಚೌಕಟ್ಟು ಅಲಂಕಾರಕ್ಕೆ ಇದ್ದದ್ದಲ್ಲ. 45 ಸೆಂಟಿಮೀಟರ್ ಉದ್ದ, 27 ಅಗಲ, 30 ಎತ್ತರದ ತೊಟ್ಟಿಗೆ ಸುಮಾರು 36 ಲೀಟರ್ ನೀರು ಹಿಡಿಯುತ್ತದೆ. ಅದು ಮುಂದಿನ ಗಾಜನ್ನು ಹೊರಕ್ಕೆ ದೂಡುವ ಬಲ ಹತ್ತಿರಹತ್ತಿರ 20 ಕಿಲೋ ಭಾರಕ್ಕೆ ಸಮ, ಅದೂ ಹಗಲೂ ರಾತ್ರಿ. ಮೇಲಂಚು ಬಾಗದಂತೆ ಹಿಡಿಯಲು ಚೌಕಟ್ಟಿಲ್ಲದ ಮೇಲೆ ದಪ್ಪ ಗಾಜು ಮತ್ತು ಮೂಲೆಯ ಸಿಲಿಕೋನ್ ಇವೆರಡೇ ಗತಿ. ಈ ಅಳತೆಗೆ 5 ಮಿಲಿಮೀಟರ್‌ಗಿಂತ ತೆಳು ಗಾಜು ಬೇಡ. ಮಟ್ಟವಾದ ಮೇಜಿನ ಮೇಲೆ ಫೋಮ್ ಹಾಳೆ ಹಾಸಿ ಇಡಿ. ಅಡಿಯಲ್ಲಿ ಸಿಕ್ಕಿಕೊಂಡ ಒಂದು ಮರಳಿನ ಕಾಳೂ ಬಿರುಕಿಗೆ ದಾರಿಯಾದೀತು. ಗಾಜಿನ ವಿಷಯ ಇಷ್ಟು ಸಾಕು.

ನನ್ನ ತಾಳ್ಮೆ ಕೆಡುವುದು ಮುಂದಿನ ಹೆಜ್ಜೆಯಲ್ಲಿ. ನೀರು ತುಂಬಿಸುತ್ತಾರೆ, ಗಿಡ ನೆಡುತ್ತಾರೆ, ಮರುದಿನ ನೀರು ತಿಳಿಯಾಯಿತೆಂದು ಮೀನು ಬಿಡುತ್ತಾರೆ. ಕೆಲವು ದಿನ ಕಳೆಯುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಆಗ ನೀರನ್ನೆಲ್ಲ ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆದು ಮತ್ತೆ ಮೊದಲಿಂದ ಶುರು. ಪಾಪ, ಕಾಳಜಿಯಿಂದಲೇ ಹೀಗೆ ಮಾಡುತ್ತಾರೆ. ಆದರೆ ನೀರು ತಿಳಿಯಾಗಿರುವುದಕ್ಕೂ ಅದು ಮೀನಿಗೆ ಒಗ್ಗುವುದಕ್ಕೂ ಸಂಬಂಧವೇ ಇಲ್ಲ.

ಮೀನಿನ ದೇಹದ ಸಾರಜನಕದ ಕಸ ಮುಖ್ಯವಾಗಿ ಹೊರಬರುವುದು ಕಿವಿರಿನಿಂದ, ಅಮೋನಿಯಾ ರೂಪದಲ್ಲಿ. ಉಸಿರಾಡುವ ಜಾಗದಿಂದಲೇ ವಿಷ ಹೊರಗೆ ಹೋಗುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಬಚ್ಚಲಲ್ಲೇ ಬಾಗಿಲು ಹಾಕಿಕೊಂಡು ಬದುಕಿದ ಹಾಗೆ. ಇಷ್ಟಾದರೂ ನೀರಿನ ಬಣ್ಣ ಬದಲಾಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ, ಇನ್ನೊಂದು ಕಿವಿರನ್ನು ಸುಡುವ ಅಮೋನಿಯಾ. 25 ಡಿಗ್ರಿ ಬಿಸಿಯ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7 ಇದ್ದರೆ ವಿಷದ ಪಾಲು ಶೇಕಡಾ 1ಕ್ಕೂ ಕಡಿಮೆ. ಪಿಎಚ್ 8 ಆದರೆ ಶೇಕಡಾ 5ರ ಆಸುಪಾಸು. ಎರಡೂ ರೂಪಗಳನ್ನು ಒಟ್ಟಿಗೇ ಅಳೆಯುವ ಟೆಸ್ಟ್ ಕಿಟ್ ಅದೇ ಅಂಕಿ ತೋರಿಸಿದರೂ ಅಪಾಯ ಹತ್ತು ಪಟ್ಟಿನ ಹತ್ತಿರಕ್ಕೆ ಏರಿರುತ್ತದೆ!

ಇದನ್ನು ತೀರಿಸುವುದು ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದಂತಾಗುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಬಹುಮಟ್ಟಿಗೆ ಸಾಧು. ಕಷ್ಟ ಏನೆಂದರೆ ಇವು ತೀರಾ ನಿಧಾನ. ಕರುಳಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಆಮೇಲೆ, ಇವು ನೀರಿನಲ್ಲಿ ತೇಲಾಡುವುದು ಕಡಿಮೆ. ಫಿಲ್ಟರಿನ ಸ್ಪಂಜು, ಕಲ್ಲು, ಮರಳಿಗೆ ಅಂಟಿಕೊಂಡು ಲೋಳೆಯಾಗಿ ಬೆಳೆಯುತ್ತವೆ. ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದದ್ದು ಇದನ್ನೇ.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಒಂದು ಅಪ್ಪ-ಮಗನ ಜೋಡಿ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ವಾಲಿಸ್ನೇರಿಯಾ ಗಿಡ ನೆಟ್ಟರು. ಎಲೆ ಕೊಳೆತು ನೀರು ಕೆಡತೊಡಗಿದಾಗ ಕೊಳದ ಬಸವನಹುಳು ಸೇರಿಸಿದರು. ನೀರು ಸುಧಾರಿಸಿತು. 1850ರಲ್ಲಿ ಇದನ್ನು ಪ್ರಕಟಿಸಿದರು. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಗಿಡಕ್ಕೆ ಗೊಬ್ಬರ ಕೊಡುತ್ತದೆ, ಹುಳು ಕಸ ತಿನ್ನುತ್ತದೆ ಎಂಬ ಲೆಕ್ಕ. ಕಣ್ಣಿಗೆ ಕಾಣದ ನಾಲ್ಕನೆಯವರು ಆ ಲೆಕ್ಕದಲ್ಲಿ ಇರಲಿಲ್ಲ. 1877ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮುಂಟ್ಜ್ ಚರಂಡಿ ನೀರನ್ನು ಮರಳಿನ ಮೂಲಕ ಇಳಿಸಿದರು. ಕೆಳಗೆ ನೈಟ್ರೇಟ್ ಬಂತು. ಜೀವಿಗಳನ್ನು ಮಂಕಾಗಿಸುವ ಕ್ಲೋರೋಫಾರ್ಮ್ ಸೋಕಿಸಿದರೆ ನಿಂತುಹೋಯಿತು! ಅಂದರೆ ಇದು ಜೀವಿಗಳ ಕೆಲಸ. ಅದು ಎರಡು ಹಂತದ್ದು, ಎರಡು ಬೇರೆ ಜೀವಿಗಳದ್ದು ಎಂದು ಹೊಲದ ಮಣ್ಣನ್ನು ಪರೀಕ್ಷಿಸಿ ಕಂಡುಕೊಂಡವರು ಆ ವಾರಿಂಗ್ಟನ್ನರ ಮಗ. ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ ಗೆಲುವು ಮಾತ್ರ 1890ರ ಹೊತ್ತಿಗೆ ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ವಿನೋಗ್ರಾಡ್‌ಸ್ಕಿಯದಾಯಿತು. 2015ರಲ್ಲಿ ಎರಡೂ ಹಂತವನ್ನು ಒಬ್ಬಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಸಿಕ್ಕ ಜಾಗಗಳಲ್ಲಿ ಒಂದು ಮೀನು ಸಾಕಣೆ ಘಟಕದ ಫಿಲ್ಟರ್.

ಗಿಡ ತುಂಬಿದ ತೊಟ್ಟಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಬಹಳಷ್ಟು ನೀರುಗಿಡಗಳಿಗೆ ನೈಟ್ರೇಟ್‌ಗಿಂತ ಅಮೋನಿಯಂ ಮೇಲೇ ಆಸೆ. ಬ್ಯಾಕ್ಟೀರಿಯಾ ಇನ್ನೂ ನೆಲೆಯೂರುವ ಮೊದಲೇ ಅವು ಹೀರಲು ಶುರುಮಾಡುತ್ತವೆ. ಅದಕ್ಕೇ ಹಾರ್ನ್‌ವರ್ಟ್, ಹೈಗ್ರೋಫಿಲಾದಂಥ ಬೇಗ ಬೆಳೆಯುವ ಗಿಡಗಳನ್ನು ಮೊದಲ ದಿನವೇ ಧಾರಾಳವಾಗಿ ಹಾಕಿ. ಅನುಬಿಯಾಸ್ ನಿಧಾನದ್ದು. ಅದರ ದಪ್ಪ ಗೆಡ್ಡೆಯನ್ನು ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಲ್ಲಿಗೆ ದಾರದಲ್ಲಿ ಕಟ್ಟಿ.

ಮೊದಲ ವಾರಗಳಲ್ಲಿ ಕೆಲವು ಎಲೆಗಳು ಕರಗಿ, ಗಾಜಿನಂತೆ ಪಾರದರ್ಶಕವಾಗಿ ಉದುರಿದರೆ ಗಾಬರಿ ಬೇಡ. ನರ್ಸರಿಯಲ್ಲಿ ಎಷ್ಟೋ ಗಿಡಗಳನ್ನು ನೀರಿನ ಹೊರಗೇ ಬೆಳೆಸಿರುತ್ತಾರೆ. ಗಾಳಿಗೆ ಹೇಳಿ ಮಾಡಿಸಿದ ಆ ಎಲೆಗಳು ನೀರಿನಲ್ಲಿ ಬಾಳುವುದಿಲ್ಲ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಅದಕ್ಕೆ ತಕ್ಕಂತೆ ಗಿಡ ತೆಳ್ಳನೆಯ ಹೊಸ ಎಲೆ ಬಿಡಬೇಕು. ಎಲೆಗಳು ಸಣ್ಣಗೆ ಅಲುಗುವಷ್ಟು ನೀರಿನ ಹರಿವು ಇದ್ದರೆ ಅವಕ್ಕೆ ಸಹಾಯ.

ಮೀನು ಬಿಡುವುದು ಯಾವಾಗ? ಮೀನಿಲ್ಲದ ತೊಟ್ಟಿಗೇ ಚಿಟಿಕೆ ಮೀನಿನ ಆಹಾರ ಹಾಕುತ್ತಾ (ಅದು ಕೊಳೆತು ಅಮೋನಿಯಾ ಕೊಡುತ್ತದೆ) ಟೆಸ್ಟ್ ಕಿಟ್ಟಿನಲ್ಲಿ ನೋಡುತ್ತಿರಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಗಿಡ ಜಾಸ್ತಿ ಇದ್ದರೆ ಈ ಏರಿಳಿತ ಅಷ್ಟಾಗಿ ಕಾಣದೆಯೂ ಇರಬಹುದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಹಾರ ಹಾಕಿದ ಮೇಲೂ ಎರಡೂ ಸೊನ್ನೆಯಲ್ಲೇ ನಿಂತರೆ ನಾಲ್ಕಾರು ಪುಟ್ಟ ಮೀನು ಬಿಡಿ, ಒಟ್ಟಿಗೇ ತುಂಬಬೇಡಿ. ಚಿಕ್ಕ ತೊಟ್ಟಿ ಸುಲಭ ಅನ್ನುವುದೂ ತಪ್ಪು. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಸ್ಪಂಜು ಕಟ್ಟಿಕೊಂಡಿದ್ದರೆ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಒಮ್ಮೆ ಹಿಂಡಿ, ಅಷ್ಟೇ. ಗಿಡ ಮೇಲಕ್ಕೆ ಬಂದಾಗ ಕತ್ತರಿಸಿ ಹೊರಗೆ ಹಾಕಿ, ತೊಟ್ಟಿಯಲ್ಲೇ ಕೊಳೆಯಲು ಬಿಡಬೇಡಿ. ಮೀನು ತಿಂದು ಬಿಟ್ಟ ಸಾರಜನಕದ ಒಂದು ಪಾಲು ಆ ಎಲೆಗಳಲ್ಲೇ ಕೂತಿರುತ್ತದೆ, ಅವುಗಳ ಜೊತೆಗೇ ಹೊರಗೆ ಹೋಗುತ್ತದೆ.