ಪಂಪ್ ಓಡುತ್ತಿರಲಿ, ಸ್ವಲ್ಪ ಕಾಯಿರಿ

ಏಸಿ ಕೂರಿಸಲು ಬಂದವರು ಪೈಪ್ ಜೋಡಿಸಿ, ಒಂದು ಪಂಪ್ ಹಚ್ಚಿ, ಅದರ ಮುಂದೆ ಸುಮ್ನೆ ಕೂತಿದ್ದರೆ ಬೇಸರ ಮಾಡಿಕೊಳ್ಳಬೇಡಿ. ನೋಡುವವರಿಗೆ ಕೆಲಸ ನಿಂತುಹೋದ ಹಾಗೆ ಕಾಣುತ್ತದೆ. ಆದರೆ ಆ ಏಸಿ ವರ್ಷಗಟ್ಟಲೆ ಬಾಳುತ್ತದೋ, ಎರಡೇ ಬೇಸಿಗೆಗೆ ಕೈಕೊಡುತ್ತದೋ ಎಂಬುದು ಬಹುಪಾಲು ಆ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ.

ಏಸಿ ತಂಪನ್ನು ಹುಟ್ಟಿಸುವುದಿಲ್ಲ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ನಾವು ‘ಗ್ಯಾಸ್’ ಅನ್ನುವ ಶೀತಕ ದ್ರವ ಇನ್‌ಡೋರ್ ಯೂನಿಟ್ಟಿನ ಕಾಯಿಲ್‌ನಲ್ಲಿ ಕುದಿದು ಆವಿಯಾಗುತ್ತದೆ. ಕುದಿಯಲು ಬೇಕಾದ ಶಾಖವನ್ನು ಕೋಣೆಯ ಗಾಳಿಯಿಂದ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಔಟ್‌ಡೋರ್ ಯೂನಿಟ್ಟಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಈ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ವರ್ಷಗಟ್ಟಲೆ ಅದೇ ಗ್ಯಾಸ್ ಸುತ್ತುತ್ತಿರಬೇಕು. ‘ಗ್ಯಾಸ್ ಖಾಲಿಯಾಗಿದೆ’ ಅಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಇಲ್ಲೇ ಫಿಟ್ಟಿಂಗ್ ಮಾಡುವವರ ಪಾತ್ರ ದೊಡ್ಡದಾಗುವುದು. ಕಾರ್ಖಾನೆಯಿಂದ ಸ್ಪ್ಲಿಟ್ ಏಸಿ ಎರಡು ಬೇರೆ ಬೇರೆ ಪೆಟ್ಟಿಗೆಯಾಗಿ ಬರುತ್ತದೆ. ಗ್ಯಾಸ್ ಸುತ್ತುವ ದಾರಿ ಪೂರ್ತಿಯಾಗುವುದು ನಮ್ಮ ಮನೆಯ ಗೋಡೆಯ ಮೇಲೆ. ಹಾಗಾಗಿ ಯಂತ್ರದ ಕೊನೆಯ ಭಾಗವನ್ನು ತಯಾರಿಸುವವರು ಅವರೇ ಅಂತ ನಾನು ನಂಬುತ್ತೇನೆ.

ಪೈಪ್ ಜೋಡಿಸುವಾಗ ಅದರೊಳಗೆ ಗಾಳಿ ತುಂಬಿಕೊಂಡಿರುತ್ತದೆ. ಗಾಳಿಯ ಜೊತೆ ತೇವವೂ ಇರುತ್ತದೆ. ಗಾಳಿ ಒಳಗೇ ಉಳಿದರೆ ಔಟ್‌ಡೋರ್ ಕಾಯಿಲ್‌ನಲ್ಲಿ ಜಾಗ ಹಿಡಿದು ಕೂರುತ್ತದೆ. ಅದು ದ್ರವವಾಗುವುದಿಲ್ಲವಾದ್ದರಿಂದ ಒತ್ತಡ ಏರುತ್ತದೆ, ಕಂಪ್ರೆಸರ್ ಜಾಸ್ತಿ ದುಡಿಯಬೇಕಾಗುತ್ತದೆ. ತೇವದ ಕಾಟ ಇದಕ್ಕಿಂತ ಕೆಟ್ಟದ್ದು. ಆರ್-410ಎ, ಆರ್-32ರಂಥ ಗ್ಯಾಸ್‌ಗಳ ಜೊತೆ ಕಂಪ್ರೆಸರಿಗೆ ಸಾಮಾನ್ಯವಾಗಿ ಬಳಸುವ ಪಾಲಿಯೋಲ್ ಎಸ್ಟರ್ ಎಣ್ಣೆ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಕಂಪ್ರೆಸರಿನ ಬಿಸಿಗೆ ನೀರು, ಎಣ್ಣೆ ಸೇರಿ ಆಮ್ಲ ಹುಟ್ಟುತ್ತದೆ. ಆ ಆಮ್ಲ ಮೋಟಾರಿನ ತಂತಿಗಳ ಮೇಲಿನ ಲೇಪವನ್ನು ನಿಧಾನವಾಗಿ ತಿನ್ನುತ್ತದೆ. ಒಂದು ದಿನ ಕಂಪ್ರೆಸರ್ ಸುಟ್ಟುಹೋಗುತ್ತದೆ. ಆಗ ಎಲ್ಲರೂ ಬೈಯುವುದು ಕಂಪನಿಯನ್ನು!

ಇದನ್ನು ತಪ್ಪಿಸಲಿಕ್ಕೇ ವ್ಯಾಕ್ಯೂಮ್ ಪಂಪ್. ಅದು ನೀರಿನ ಹನಿಯನ್ನು ಎಳೆದು ಹಾಕುತ್ತದೆ ಅಂದುಕೊಂಡವರೇ ಹೆಚ್ಚು. ನಿಜವಾಗಿ ಅದು ಪೈಪಿನೊಳಗಿನ ಒತ್ತಡ ಇಳಿಸುತ್ತದೆ. ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ, ಈ ಕಸುಬಿನ ಲೆಕ್ಕದಲ್ಲಿ 7,60,000 ಮೈಕ್ರಾನ್. ಅದು ಸುಮಾರು 24,000 ಮೈಕ್ರಾನ್‌ಗೆ ಇಳಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೀರು ಕುದಿಯತೊಡಗುತ್ತದೆ. ಒಳ್ಳೆಯ ಕೆಲಸಗಾರರು ಅಲ್ಲಿಗೆ ನಿಲ್ಲಿಸುವುದಿಲ್ಲ. 500 ಮೈಕ್ರಾನ್, ಸಾಧ್ಯವಾದರೆ ಅದಕ್ಕೂ ಕೆಳಗೆ ಹೋಗುತ್ತಾರೆ.

ಇದಕ್ಕೆ ಬೇರೆಯದೇ ಮೈಕ್ರಾನ್ ಗೇಜ್ ಬೇಕು. ಮಾಮೂಲಿ ಗೇಜಿನ ಮುಳ್ಳು ಪಂಪ್ ಹಾಕಿದ ಸ್ವಲ್ಪ ಹೊತ್ತಿಗೇ ತಳ ಮುಟ್ಟಿ ನಿಂತುಬಿಡುತ್ತದೆ. 24,000 ಮೈಕ್ರಾನಿಗೂ 500ಕ್ಕೂ ಇರುವ ವ್ಯತ್ಯಾಸ ಅದರಲ್ಲಿ ಕಾಣುವುದೇ ಕಷ್ಟ. ಮುಳ್ಳು ನೋಡಿ ಪಂಪ್ ಬಿಚ್ಚಿದರೆ ನೀರು ಒಳಗೇ ಉಳಿದಿರಬಹುದು. ಆತುರ ಮಾಡಿ ಪ್ರಯೋಜನವೂ ಇಲ್ಲ. ಕುದಿಯುವ ನೀರು ತನ್ನ ಶಾಖವನ್ನೇ ಕಳೆದುಕೊಂಡು ತಣ್ಣಗಾಗುತ್ತದೆ, ಕೆಲವೊಮ್ಮೆ ಪೈಪಿನೊಳಗೇ ಹೆಪ್ಪುಗಟ್ಟುತ್ತದೆ. ಆಮೇಲೆ ಅದು ಹೊರಬರುವುದು ಇನ್ನೂ ನಿಧಾನ.

ನನಗೆ ತುಂಬಾ ಇಷ್ಟವಾದ ಹಂತ ಮುಂದಿನದು. 500 ಮುಟ್ಟಿದ ಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಗೇಜನ್ನು ಸುಮ್ನೆ ನೋಡುತ್ತಾರೆ. ಅಂಕಿ ಸ್ವಲ್ಪವೇ ಏರಿ 500ರ ಆಸುಪಾಸಿನಲ್ಲೇ ನಿಂತರೆ ಪೈಪ್ ಒಣಗಿದೆ. ಸಾವಿರ, ಎರಡು ಸಾವಿರಕ್ಕೆ ಏರಿ ಒಂದು ಕಡೆ ತಡೆದು ನಿಂತರೆ ಒಳಗೆ ತೇವ ಇನ್ನೂ ಆವಿಯಾಗುತ್ತಿದೆ, ಮತ್ತೆ ಪಂಪ್ ಹಾಕಬೇಕು. ಎಲ್ಲೂ ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ. ತಾಮ್ರದೊಳಗೆ ಏನಾಗುತ್ತಿದೆ ಎಂಬುದನ್ನು ಒಂದೇ ಒಂದು ಅಂಕಿಯ ನಡಿಗೆಯಿಂದ ಓದುವುದು ಎಂಥ ಸೊಗಸು, ಅಲ್ವಾ?

ಪಂಪ್ ಬಳಸದೆ, ಯೂನಿಟ್ಟಿನಲ್ಲಿರುವ ಗ್ಯಾಸನ್ನೇ ಸ್ವಲ್ಪ ಹೊರಗೆ ಬಿಟ್ಟು ಗಾಳಿಯನ್ನು ತಳ್ಳಿಸುವ ಅಡ್ಡದಾರಿಯೂ ಇದೆ. ಗಾಳಿ ಹೋಗಬಹುದು, ಪೈಪಿಗೆ ಅಂಟಿದ ತೇವ ಹೋಗುವುದಿಲ್ಲ. ಮೇಲಾಗಿ 100 ವರ್ಷಗಳ ಲೆಕ್ಕದಲ್ಲಿ ಆರ್-32 ಇಂಗಾಲದ ಡೈ ಆಕ್ಸೈಡಿಗಿಂತ 675 ಪಟ್ಟು, ಆರ್-410ಎ ಸುಮಾರು 2,088 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತವೆ. ಈ ಅಡ್ಡದಾರಿಯನ್ನು ಯಾರೂ ಒಪ್ಪಿಕೊಳ್ಳಬಾರದು.

ಜೋಡಣೆಯಲ್ಲೂ ಇಂಥದ್ದೇ ಸೂಕ್ಷ್ಮಗಳಿವೆ. ಪೈಪ್ ಕತ್ತರಿಸಿದ ಮೇಲೆ ಅಂಚಿನಲ್ಲಿ ಏಳುವ ಚೂಪು ಗರಿಯನ್ನು ಹೆರೆದು ತೆಗೆಯಬೇಕು. ಆಗ ಪೈಪಿನ ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ತಾಮ್ರದ ಚೂರು ಒಳಗೆ ಬೀಳುತ್ತದೆ. ಆಮೇಲೆ ಬಾಯಿಯನ್ನು 45 ಡಿಗ್ರಿಗೆ ಅಗಲಿಸಿ, ನಟ್ ಹಾಕಿ, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಕಾಲು ಇಂಚಿನ ಪೈಪಿಗೆ 14ರಿಂದ 18 ನ್ಯೂಟನ್-ಮೀಟರ್ ಸಾಕು. ಸಡಿಲವಾದರೆ ಸೋರುತ್ತದೆ. ಮಿತಿಮೀರಿ ಬಿಗಿದರೆ ಅಂಚು ತೆಳುವಾಗಿ ಬಿರುಕು ಬಿಡುತ್ತದೆ. ಆ ಬಿರುಕು ಗೊತ್ತಾಗುವುದು ತಿಂಗಳುಗಳ ನಂತರ.

ಬೆಸುಗೆ ಹಾಕುವ ಕಡೆ ತಾಮ್ರ 700 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯುತ್ತದೆ. ಆಗ ಪೈಪಿನೊಳಗಿನ ಆಮ್ಲಜನಕ ತಾಮ್ರದ ಜೊತೆ ಸೇರಿ ಕಪ್ಪು ಹೊಟ್ಟು ಕಟ್ಟುತ್ತದೆ. ಮುಂದೆ ಗ್ಯಾಸಿನ ಓಟಕ್ಕೆ ಹೊಟ್ಟು ಕಿತ್ತು ಬಂದು ಫಿಲ್ಟರ್, ದ್ರವದ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಸುಗೆಯ ಹೊತ್ತಿನಲ್ಲಿ ಪೈಪಿನೊಳಗೆ ನೈಟ್ರೋಜನ್ ನಿಧಾನವಾಗಿ ಹರಿಯುತ್ತಿದ್ದರೆ ಹೊಟ್ಟು ಕಟ್ಟುವುದೇ ಇಲ್ಲ. ಎರಡೂ ಬಗೆಯ ಬೆಸುಗೆ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಸೀಳಿ ನೋಡಿದರೆ ಒಂದರ ಒಳಮೈ ಹೊಸ ತಾಮ್ರದ ಬಣ್ಣ, ಇನ್ನೊಂದರದ್ದು ಮಸಿ.

ಯಂತ್ರದ ಅಳತೆ ದೊಡ್ಡದಾದರೆ ಒಳ್ಳೆಯದು ಅನ್ನುವುದು ತಪ್ಪು. ದೊಡ್ಡ ಏಸಿ ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ತೆಗೆಯಲು ಅದಕ್ಕೆ ಸಮಯವೇ ಸಿಗುವುದಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯಕ್ಕೆ ವಿನ್ಯಾಸ ಮಾಡಿದ ಯಂತ್ರದ ಗುರಿಯೂ ಗಾಳಿಯ ತೇವವನ್ನು ಹತೋಟಿಗೆ ತರುವುದೇ ಆಗಿತ್ತು.

ಚಳಿ ದೇಶಗಳಲ್ಲಿ ನೈಸರ್ಗಿಕ ಅನಿಲ ಉರಿಸಿ ಮನೆ ಬೆಚ್ಚಗಿಡುವ ಫರ್ನೇಸ್‌ನಲ್ಲಿ ಕೈಕೆಲಸದ ತಪ್ಪು ಜೀವಕ್ಕೇ ಕುತ್ತಾಗಬಹುದು. ಆ ಅನಿಲದ ಮುಖ್ಯ ಅಂಶವಾದ ಮೀಥೇನ್ ಒಂದು ಕಿಲೋ ಉರಿದರೆ ಎರಡು ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಶೇ 90ಕ್ಕೂ ಮೇಲಿನ ದಕ್ಷತೆಯ ಫರ್ನೇಸ್‌ಗಳು ಆ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಉಳಿಸುತ್ತವೆ. ಹೊಗೆ ಹೋಗುವ ಪೈಪಿನಲ್ಲೂ ನೀರು ಕೂಡುವುದರಿಂದ, ಪೈಪ್ ಸಾಮಾನ್ಯವಾಗಿ ಫರ್ನೇಸಿನ ಕಡೆಗೆ ಇಳಿಜಾರಾಗಿರಬೇಕು. ಮಧ್ಯೆ ಜೋತುಬಿದ್ದರೆ ನೀರು ನಿಂತು ದಾರಿ ಕಟ್ಟುತ್ತದೆ. ಸುರಕ್ಷತೆಯ ಸ್ವಿಚ್ ಆಗ ಯಂತ್ರವನ್ನೇ ನಿಲ್ಲಿಸುತ್ತದೆ, ಮನೆ ಚಳಿಯಲ್ಲಿ ಉಳಿಯುತ್ತದೆ. ಗಾಳಿ ಸಾಲದೆ ಅರೆಬರೆ ಉರಿದರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಉರಿಯನ್ನು ಬರಿಗಣ್ಣಲ್ಲಿ ನೋಡಿ ‘ಚೆನ್ನಾಗಿದೆ’ ಅಂದರೆ ಸಾಲದು. ಹೊಗೆಯೊಳಗೆ ಅಳೆಯುವ ಸಾಧನ ಇಟ್ಟೇ ನೋಡಬೇಕು.

ಗಾಳಿ ಸಾಗಿಸುವ ಡಕ್ಟ್‌ಗಳ ಸಂದಿಯಲ್ಲೂ ದುಡ್ಡು ಸೋರುತ್ತದೆ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು ಡಕ್ಟ್ ಸಂದಿಗಳನ್ನು ಬೇರೆ ಬೇರೆ ವಸ್ತುಗಳಿಂದ ಮುಚ್ಚಿ ಪರೀಕ್ಷಿಸಿದರು. ಸೋತಿದ್ದು ಎಲ್ಲರೂ ನಂಬಿದ್ದ ಬಟ್ಟೆಯ ಡಕ್ಟ್ ಟೇಪ್! ಬ್ರಷ್‌ನಿಂದ ಬಳಿಯುವ ಮ್ಯಾಸ್ಟಿಕ್ ಲೇಪ ಗಟ್ಟಿಯಾಗಿ ನಿಂತಿತು. ಅಲ್ಲಿನ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2014ರಲ್ಲಿ, ತಂಪನ್ನೂ ಬಿಸಿಯನ್ನೂ ಕೊಡುವ ಏಸಿಯಂಥ ಯಂತ್ರಗಳಾದ ಹೀಟ್ ಪಂಪ್‌ಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ ಫಿಟ್ಟಿಂಗ್ ದೋಷಗಳಿಂದ ಮನೆಯನ್ನು ಬಿಸಿ, ತಂಪು ಮಾಡುವ ವಿದ್ಯುತ್ ಖರ್ಚು ಸುಮಾರು ಶೇ 30ರಷ್ಟು ಏರಬಹುದು. ಯಂತ್ರದ ಮೇಲಿನ ಸ್ಟಾರ್ ಎಣಿಸುವ ನಾವು, ಅದನ್ನು ಕೂರಿಸುವವರಿಗೆ ಸಾಕಷ್ಟು ಸಮಯ ಕೊಟ್ಟಿದ್ದೇವಾ ಅಂತ ಯೋಚಿಸುವುದು ಕಡಿಮೆ. ಮನೆಗಿಷ್ಟು ಎಂದು ಲೆಕ್ಕ ಹಾಕಿ ಓಡಿಸಿದರೆ ಯಾವ ಕಸುಬುದಾರರಿಗೂ ಒಳ್ಳೆಯ ಕೆಲಸ ಮಾಡಲು ಆಗುವುದಿಲ್ಲ.

ಕೆಲಸ ಬಲ್ಲವರಲ್ಲಿ ಒಂದು ಒಳ್ಳೆಯ ರೂಢಿಯಿದೆ. ಪೈಪ್ ಉದ್ದವಿದ್ದದ್ದಕ್ಕೆ ತೂಕ ಹಾಕಿ ಸೇರಿಸಿದ ಗ್ಯಾಸ್ ಎಷ್ಟು ಗ್ರಾಂ, ಒತ್ತಡ ಎಷ್ಟಿತ್ತು, ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸ, ಎಲ್ಲವನ್ನೂ ತಾರೀಖಿನ ಜೊತೆ ಬರೆದು ಯೂನಿಟ್ಟಿನ ಮುಚ್ಚಳದ ಒಳಗೆ ಅಂಟಿಸುತ್ತಾರೆ. ನಾಲ್ಕೈದು ವರ್ಷ ಬಿಟ್ಟು ಬರುವ ಮೆಕ್ಯಾನಿಕ್ ಆ ಅಂಕಿಗಳ ಪಕ್ಕ ತನ್ನ ಅಳತೆ ಇಟ್ಟು ನೋಡಬಹುದು. ಗ್ಯಾಸ್ ಸೋರಿದೆಯೋ, ಫಿಲ್ಟರ್ ಕಟ್ಟಿದೆಯೋ ಎಂಬುದು ಆಗ ಊಹೆಯಿಲ್ಲದೆ ಗೊತ್ತಾಗುತ್ತದೆ. ನಿಮ್ಮ ಮನೆಗೆ ಬಂದವರಿಗೂ ಇದನ್ನು ಬರೆದುಕೊಡಿ ಎಂದು ಕೇಳಿ.