ಸೋಲಾರ್ ಟ್ಯಾಂಕ್‌ನ ಬಿಸಿ ರಾತ್ರಿ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಸೋಲಾರ್ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಬಂದರೆ ಎಲ್ಲರೂ ಬೈಯುವುದು ಪ್ಯಾನೆಲ್‌ಗೆ. ಧೂಳು ಕೂತಿದೆ, ತೆಂಗಿನ ಗರಿಯ ನೆರಳು ಬಿದ್ದಿದೆ, ನಿನ್ನೆ ಮೋಡ ಇತ್ತು. ಇದೆಲ್ಲ ನಿಜವೂ ಇರಬಹುದು. ಆದರೆ ಹಿಂದಿನ ಸಂಜೆ ಅದೇ ನಲ್ಲಿಯಲ್ಲಿ ಕೈ ಸುಡುವ ನೀರು ಬಂದಿತ್ತಾ? ಬಂದಿದ್ದರೆ ಪ್ಯಾನೆಲ್ ತನ್ನ ಪಾಲಿನ ಕೆಲಸ ಮುಗಿಸಿದೆ. ಬಿಸಿ ಹೋಗಿದ್ದು ಆಮೇಲೆ, ರಾತ್ರಿ, ಟ್ಯಾಂಕ್‌ನಿಂದ.

ಈ ತೊಂದರೆ ಸೋಲಾರ್ ಹೀಟರ್‌ನಷ್ಟೇ ಹಳೆಯದು. 1891ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಎಂಬಾತ ‘ಕ್ಲೈಮ್ಯಾಕ್ಸ್’ ಹೀಟರ್‌ಗೆ ಪೇಟೆಂಟ್ ಪಡೆದ. ಕಪ್ಪು ಬಳಿದ ಟ್ಯಾಂಕ್‌ಗಳು, ಅವನ್ನಿಟ್ಟ ಪೆಟ್ಟಿಗೆಗೆ ಗಾಜಿನ ಮುಚ್ಚಳ, ಅಷ್ಟೇ. ಮಧ್ಯಾಹ್ನ ನೀರು ಚೆನ್ನಾಗಿ ಕಾಯುತ್ತಿತ್ತು. ಬಿಸಿಲು ಹೀರುವ ಟ್ಯಾಂಕೇ ರಾತ್ರಿ ಆಕಾಶಕ್ಕೆ ಬಿಸಿ ಬಿಡುತ್ತಿದ್ದರಿಂದ ಬೆಳಗಿನ ಸ್ನಾನಕ್ಕೆ ಮಾತ್ರ ಉಪಯೋಗವಿಲ್ಲ. 1909ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಇವೆರಡು ಕೆಲಸಗಳನ್ನು ಬೇರೆ ಮಾಡಿದ. ಕಾಯಿಸುವುದಕ್ಕೆ ಒಂದು ಪ್ಯಾನೆಲ್, ಇಟ್ಟುಕೊಳ್ಳುವುದಕ್ಕೆ ಸುತ್ತ ದಪ್ಪಗೆ ಹೊದಿಸಿದ ಟ್ಯಾಂಕ್. ಅದಕ್ಕೆ ಅವನಿಟ್ಟ ಹೆಸರು ‘ಡೇ ಅಂಡ್ ನೈಟ್’. ಮಾರಾಟವಾಗಿದ್ದು ಹೆಸರಿನಲ್ಲಿದ್ದ ಆ ‘ನೈಟ್’ನಿಂದಲೇ. ಇವತ್ತು ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ಕಾಣುವ ಟ್ಯಾಂಕ್‌ಗಳೆಲ್ಲ ಬೈಲಿಯ ವಂಶದವೇ.

ಈಗ ಸ್ವಲ್ಪ ಲೆಕ್ಕ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾದ ಶಾಖ, ಕರೆಂಟ್ ಲೆಕ್ಕದಲ್ಲಿ, ಸುಮಾರು 8 ಯೂನಿಟ್. ಆ ನೀರನ್ನು ಹೊದಿಕೆಯೇ ಇಲ್ಲದ ಸ್ಟೀಲ್ ಟ್ಯಾಂಕ್‌ನಲ್ಲಿಟ್ಟು, ಹೊರಗೆ 20 ಡಿಗ್ರಿ ಇರುವ ರಾತ್ರಿ 12 ಗಂಟೆ ಬಿಟ್ಟರೆ ಬೆಳಿಗ್ಗೆಗೆ 35 ಡಿಗ್ರಿ ಹತ್ತಿರ ಇಳಿದಿರುತ್ತದೆ. ಗಾಳಿ ಬೀಸಿದರೆ ಇನ್ನೂ ಕಡಿಮೆ. ಅದೇ ಟ್ಯಾಂಕ್‌ಗೆ 50 ಮಿಲಿಮೀಟರ್ ಪಫ್ ಸುತ್ತಿದರೆ ಲೆಕ್ಕದ ಪ್ರಕಾರ ಇಳಿಯುವುದು ಎರಡೂವರೆ ಡಿಗ್ರಿ. ಪಫ್ ಅಂದರೆ ಪಾಲಿಯುರೆಥೇನ್ ನೊರೆ. ಫ್ರಿಜ್‌ನ ಗೋಡೆಯೊಳಗೆ ಇರುವುದೂ ಅದೇ. ಅದರಲ್ಲಿ ಪ್ಲಾಸ್ಟಿಕ್ ಕಡಿಮೆ, ಮುಚ್ಚಿದ ಸಣ್ಣ ಗುಳ್ಳೆಗಳೇ ಜಾಸ್ತಿ. ಗುಳ್ಳೆಯೊಳಗಿನ ಅನಿಲಕ್ಕೆ ಅಲ್ಲಾಡಲು ಜಾಗವಿಲ್ಲ, ಹಾಗಾಗಿ ಬಿಸಿಯನ್ನು ಹೊತ್ತು ಸಾಗಿಸಲೂ ಆಗುವುದಿಲ್ಲ.

ನಿಜವಾದ ಟ್ಯಾಂಕ್‌ನಲ್ಲಿ ಪೈಪಿನ ಜೋಡಣೆ, ಸ್ಟ್ಯಾಂಡಿನ ಕಾಲು, ಗಾಳಿ ಹೋಗಿಬರುವ ಏರ್ ವೆಂಟ್ ಪೈಪ್ ಎಲ್ಲ ಸೇರಿ ಇನ್ನೊಂದಷ್ಟು ಬಿಸಿ ಸೋರುತ್ತದೆ. ಒಂದು ರಾತ್ರಿಗೆ ಐದಾರು ಡಿಗ್ರಿ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಹದಿನೈದು ಇಳಿದರೆ ಎಲ್ಲೋ ಏನೋ ಹಾಳಾಗಿದೆ.

ಇದನ್ನು ಅಳೆಯುವುದು ಸುಲಭ. ಒಂದು ಅಡುಗೆ ಥರ್ಮಾಮೀಟರ್ ಸಾಕು. ಸಂಜೆ ಏಳಕ್ಕೆ ಟ್ಯಾಂಕ್‌ಗೆ ಹತ್ತಿರದ ನಲ್ಲಿ ಬಿಟ್ಟು, ಪೈಪಿನಲ್ಲಿದ್ದ ನೀರು ಹೋದ ಮೇಲೆ ಚೊಂಬಿಗೆ ಹಿಡಿದು ಅಳೆಯಿರಿ. ರಾತ್ರಿ ಯಾರೂ ಬಿಸಿನೀರು ಮುಟ್ಟಬಾರದು, ಬ್ಯಾಕಪ್ ಹೀಟರ್ ಆಫ್ ಇರಬೇಕು. ಬೆಳಿಗ್ಗೆ ಆರಕ್ಕೆ ಮತ್ತೆ ಅಳೆಯಿರಿ. ಈ ಎರಡು ಅಂಕಿ ಕೈಯಲ್ಲಿಲ್ಲದೆ ಮೆಕ್ಯಾನಿಕ್ ಕರೆದರೆ, ಅವರು ಹೇಳಿದ್ದನ್ನು ಸುಮ್ನೆ ಕೇಳಬೇಕಾಗುತ್ತದೆ.

ಬಿಸಿ ನಿಲ್ಲುತ್ತಿಲ್ಲ ಅಂತ ಗೊತ್ತಾದ ಮೇಲೆ ಹೆಚ್ಚಿನವರಿಗೆ ತೋಚುವುದು ಟ್ಯಾಂಕ್ ಮೇಲೆ ಇನ್ನೊಂದು ಪದರ ಸುತ್ತಿಸುವುದು. ಇದರಿಂದ ಅಂಥ ಲಾಭವಿಲ್ಲ. ಮೊದಲ 10 ಮಿಲಿಮೀಟರ್ ಪಫ್ಫೇ ಸೋರಿಕೆಯನ್ನು ಐದರಲ್ಲಿ ಒಂದು ಪಾಲಿಗೆ ತರುತ್ತದೆ. 50 ಮಿಲಿಮೀಟರ್‌ಗೆ ಅದು ಇಪ್ಪತ್ತರಲ್ಲಿ ಒಂದು ಪಾಲು. ಅದನ್ನು 100ಕ್ಕೆ ಏರಿಸಿದರೆ ರಾತ್ರಿಗೆ ಹೆಚ್ಚಿಗೆ ಉಳಿಯುವುದು ಒಂದೂ ಕಾಲು ಡಿಗ್ರಿ. ತೂತು ಬಿದ್ದ ಕಂಬಳಿ ಮೇಲೆ ಇನ್ನೊಂದು ಕಂಬಳಿ ಹೊದೆಯುವ ಬದಲು ತೂತು ಹೊಲಿಯುವುದೇ ವಾಸಿ. ಟ್ಯಾಂಕ್‌ನ ಹತ್ತನೇ ಒಂದು ಭಾಗದಲ್ಲಿ ಪಫ್ ಪೂರ್ತಿ ಹೋಗಿದೆ ಅನ್ನಿ. ಉಳಿದ ಒಂಬತ್ತು ಭಾಗ ಸೇರಿ ಕಳೆಯುವುದಕ್ಕಿಂತ ಎರಡು ಪಟ್ಟು ಬಿಸಿ ಆ ಒಂದು ಭಾಗದಿಂದಲೇ ಹೋಗುತ್ತದೆ.

ಹಾಗಾದರೆ ತೂತು ಮಾಡುವುದು ಯಾವುದು? ನೀರು. ಒಣಗಿದ ಪಫ್‌ಗೆ ಹೋಲಿಸಿದರೆ ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಒಳ್ಳೆಯ ಪಫ್ ಬೇಗ ನೀರು ಕುಡಿಯುವುದಿಲ್ಲ. ಆದರೆ ಹಳತಾಗಿ ಬಿರುಕು ಬಿಟ್ಟ ಪಫ್ ಕುಡಿಯುತ್ತದೆ. ಹಳೇ ಟ್ಯಾಂಕ್‌ಗಳಲ್ಲಿದ್ದ ಗಾಜಿನ ನಾರಿನ ಹೊದಿಕೆ, ಅಂದರೆ ಗ್ಲಾಸ್ ವೂಲ್ ಅಂತೂ ಒಮ್ಮೆ ನೆನೆದರೆ ತೂಕಕ್ಕೆ ಕೆಳಗೆ ಜಾರಿ, ಟ್ಯಾಂಕ್‌ನ ಮೇಲ್ಭಾಗವನ್ನು ಬರಿದು ಮಾಡಿಬಿಡುತ್ತದೆ. ಅತಿ ಬಿಸಿ ನೀರು ಇರುವುದು ಅದೇ ಮೇಲ್ಭಾಗದಲ್ಲಿ! ಹೊರಗಿನ ಶೀಟ್ ಕಿತ್ತುಹೋಗಿ ಪಫ್‌ಗೆ ಬಿಸಿಲು ತಾಗಿದರೂ ಅದು ಕಂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತದೆ.

ಒದ್ದೆಯಾದ ಜಾಗ ಹುಡುಕಲು ಒಂದು ಉಪಾಯ ಇದೆ. ಡಿಸೆಂಬರ್, ಜನವರಿಯ ಇಬ್ಬನಿ ಬೀಳುವ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ತಾರಸಿಗೆ ಹೋಗಿ ಟ್ಯಾಂಕ್‌ನ ಶೀಟ್ ನೋಡಿ. ಹೊದಿಕೆ ಚೆನ್ನಾಗಿದ್ದರೆ ಶೀಟ್ ರಾತ್ರಿಯಿಡೀ ತಣ್ಣಗಾಗಿ, ಮೇಲ್ಭಾಗದಲ್ಲಿ ಇಬ್ಬನಿ ಒಂದೇ ಸಮನೆ ಕೂತಿರುತ್ತದೆ. ಪಫ್ ಹಾಳಾದ ಕಡೆ ಒಳಗಿನ ಬಿಸಿ ಶೀಟ್‌ವರೆಗೆ ಬಂದಿರುತ್ತದೆ, ಅಲ್ಲಿ ಇಬ್ಬನಿ ನಿಲ್ಲುವುದಿಲ್ಲ. ಒದ್ದೆ ಶೀಟಿನ ನಡುವೆ ಅಂಗೈಯಗಲ ಒಣ ಮಚ್ಚೆ ಕಾಣುತ್ತದೆ. ಮಾರ್ಕರ್ ಪೆನ್ನಿನಿಂದ ಸುತ್ತ ಗೆರೆ ಎಳೆದುಬಿಡಿ. ಸಾವಿರಾರು ರೂಪಾಯಿಯ ಥರ್ಮಲ್ ಕ್ಯಾಮೆರಾ ತೋರಿಸುವುದೂ ಇದನ್ನೇ.

ಪೈಪಿನ ವಿಚಾರ ಬೇರೆ. ಬೆಳಿಗ್ಗೆ ಮೊದಲ ಬಕೆಟ್‌ಗೆ ತಣ್ಣೀರು ಬರುತ್ತದೆ, ಪೈಪಿಗೆ ಕಪ್ಪು ರಬ್ಬರ್ ನಳಿಕೆ ಹಾಕಿಸಿ ಅಂತ ಹೇಳುವವರಿದ್ದಾರೆ. ಆದರೆ ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರ್‌ಗೆ ಕಾಲು ಲೀಟರ್ ನೀರಷ್ಟೇ ಇರುವುದು. ಹೊದಿಸದ ಪೈಪಿನಲ್ಲಿ ಅದು ಅರ್ಧ ಗಂಟೆಯೊಳಗೆ ಬಹುಪಾಲು ಬಿಸಿ ಕಳೆದುಕೊಳ್ಳುತ್ತದೆ. ಅರ್ಧ ಇಂಚು ದಪ್ಪ ನಳಿಕೆ ಹಾಕಿದರೆ ಒಂದು ಗಂಟೆ ಚಿಲ್ಲರೆ. ರಾತ್ರಿಯಿಡೀ ಯಾವುದೂ ಕಾಯುವುದಿಲ್ಲ. 15 ಮೀಟರ್ ಪೈಪಿದ್ದರೆ ಬೆಳಿಗ್ಗೆ ನಾಲ್ಕು ಲೀಟರ್ ತಣ್ಣೀರು ಬಂದೇ ಬರುತ್ತದೆ. ಅದನ್ನು ಗಿಡಕ್ಕೋ ಪಾತ್ರೆಗೋ ಇಟ್ಟುಕೊಳ್ಳಿ. ನಳಿಕೆಯ ಲಾಭ ಇರುವುದು ಮನೆಯಲ್ಲಿ ನಾಲ್ಕು ಜನ ಅರ್ಧ ಅರ್ಧ ಗಂಟೆ ಬಿಟ್ಟು ಸ್ನಾನಕ್ಕೆ ಹೋಗುವಾಗ. ಎರಡನೆಯವರಿಗೆ ಪೈಪಿನಲ್ಲಿ ಬಿಸಿ ಇನ್ನೂ ಉಳಿದಿರುತ್ತದೆ. ಹಾಕಿಸುವುದಾದರೆ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ. ಇಲ್ಲದಿದ್ದರೆ ಬಿಸಿಲು ಅದನ್ನೂ ತಿನ್ನುತ್ತದೆ.

ಇನ್ನು ರಿಪೇರಿ. ಟ್ಯಾಂಕ್ ಕೆಳಗೆ ನೀರು ತೊಟ್ಟಿಕ್ಕಿದ ತಕ್ಷಣ ‘ಟ್ಯಾಂಕ್ ಹೋಯ್ತು, ಹೊಸದು ಹಾಕಿ’ ಅನ್ನುವ ಮಾತು ಕೇಳಿಬರುತ್ತದೆ. ಅವಸರ ಬೇಡ. ಮೊದಲು ಅದು ಮಳೆನೀರಾ, ಟ್ಯಾಂಕ್ ನೀರಾ ನೋಡಿ. ಬೋರ್‌ವೆಲ್ ನೀರಾದರೆ ತೊಟ್ಟಿಕ್ಕಿದ ಜಾಗದಲ್ಲಿ ಬಿಳಿ ಸುಣ್ಣದ ಗೆರೆ ಬಿಟ್ಟಿರುತ್ತದೆ, ಮಳೆನೀರು ಬಿಡುವುದಿಲ್ಲ. ಗಾಜಿನ ಟ್ಯೂಬ್ ಇರುವ ಮಾದರಿಯಲ್ಲಿ ಮೊದಲ ಅನುಮಾನ ಟ್ಯೂಬ್ ಟ್ಯಾಂಕ್‌ನೊಳಗೆ ಹೋಗುವ ಕಡೆಯ ಸಿಲಿಕೋನ್ ರಿಂಗ್ ಮೇಲೆ. ವರ್ಷಗಟ್ಟಲೆ ಕಾದೂ ಕಾದೂ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಸದ್ದಿಲ್ಲದೆ ಪಫ್‌ನೊಳಗೆ ಇಳಿಯುತ್ತದೆ. ರಿಂಗ್‌ಗೆ ಖರ್ಚು ತೀರಾ ಕಡಿಮೆ. ಅದನ್ನು ಬಿಟ್ಟರೆ ಪೈಪ್ ಜೋಡಣೆಗಳು. ಸ್ಟೀಲ್ ಅಥವಾ ತಾಮ್ರದ ತುದಿಗೆ ಜಿಐ ನಿಪ್ಪಲ್ (ಸತು ಬಳಿದ ಕಬ್ಬಿಣದ ಗಿಡ್ಡ ಜೋಡಣೆ ಪೈಪ್) ಹಾಕಿದ್ದರೆ, ಬಿಸಿ ನೀರಿನಲ್ಲಿ ಎರಡು ಲೋಹ ಸೇರಿ ಬ್ಯಾಟರಿ ಆಗುತ್ತದೆ. ಸವೆಯುವುದು ಯಾವಾಗಲೂ ಜಿಐ ನಿಪ್ಪಲ್ಲೇ.

ಟ್ಯೂಬ್ ತೆಗೆದಾಗ ಅದರ ಮುಚ್ಚಿದ ತುದಿಯನ್ನೂ ನೋಡಿಬಿಡಿ. ಅಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪ ಇರುತ್ತದೆ. ಅದು ಬೇರಿಯಂ. ಟ್ಯೂಬ್‌ನ ಎರಡು ಪದರ ಗಾಜಿನ ನಡುವಿನ ನಿರ್ವಾತಕ್ಕೆ ಗಾಳಿ ನುಗ್ಗಿದರೆ ಬೇರಿಯಂ ಅದರೊಂದಿಗೆ ಬೆರೆತು ಹಾಲಿನಂತೆ ಬಿಳಿಯಾಗುತ್ತದೆ. ಬಿಳಿಯಾದ ಟ್ಯೂಬ್ ಹಗಲು ಸರಿಯಾಗಿ ಕಾಯಿಸುವುದಿಲ್ಲ, ರಾತ್ರಿ ಟ್ಯಾಂಕ್‌ನ ಬಿಸಿಯನ್ನೂ ಹೊರಗೆ ಬಿಡುತ್ತದೆ. ಬದಲಾಯಿಸಲೇಬೇಕು.

ರಿಂಗು, ನಿಪ್ಪಲ್ಲು ಎಲ್ಲ ಸರಿ ಇದ್ದೂ ಸೋರುತ್ತಿದ್ದರೆ ಆಗ ಒಳಗಿನ ಸ್ಟೀಲ್ ಟ್ಯಾಂಕ್‌ನ ಬೆಸುಗೆ. ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ 304 ದರ್ಜೆಯ ಸ್ಟೀಲ್ ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಮಾಲಿಬ್ಡಿನಂ ಸೇರಿಸಿದ 316 ದರ್ಜೆ ಇದನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಕೆಲವು ಟ್ಯಾಂಕ್‌ಗಳಲ್ಲಿ ಇದಕ್ಕೆಂದೇ ಮೆಗ್ನೀಸಿಯಂ ಸರಳು ಇರುತ್ತದೆ. ಟ್ಯಾಂಕ್ ಬದಲು ತಾನು ಕರಗುವುದೇ ಅದರ ಕೆಲಸ. ಈ ಉಪಾಯವನ್ನು 1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ಹಡಗುಗಳ ತಾಮ್ರದ ತಳ ಉಳಿಸಲು ಬಳಸಿದ್ದ. ಸರಳು ಕರಗಿ ಮುಗಿದದ್ದು ಹೊರಗಿನಿಂದ ಗೊತ್ತಾಗುವುದಿಲ್ಲ, ಬಿಚ್ಚಿಯೇ ನೋಡಬೇಕು. ಸುಣ್ಣ ತೆಗೆಯಲು ಟಾಯ್ಲೆಟ್ ಆಸಿಡ್ ಸುರಿಯಬೇಡಿ. ಅದು ಹೈಡ್ರೋಕ್ಲೋರಿಕ್ ಆಮ್ಲ, ಸ್ಟೀಲ್‌ಗೆ ಬೇಡವಾದ ಕ್ಲೋರೈಡನ್ನೇ ತಂದು ಹಾಕುತ್ತದೆ. ಸಿಟ್ರಿಕ್ ಅಥವಾ ಸಲ್ಫಾಮಿಕ್ ಆಮ್ಲದ ತೆಳು ದ್ರಾವಣ ಸಾಕು. ಆಮೇಲೆ ಚೆನ್ನಾಗಿ ತೊಳೆಯಬೇಕು.

ಬೆಸುಗೆ ಸೋರಿದರೆ ಹೊರ ಶೀಟ್ ಕತ್ತರಿಸಿ, ಸುತ್ತಲಿನ ಪಫ್ ಅಗಲವಾಗಿ ಕೆತ್ತಿ ತೆಗೆದು, ಆಮೇಲಷ್ಟೇ ಆರ್ಗಾನ್ ವೆಲ್ಡಿಂಗ್. ಪಫ್ ಪಕ್ಕದಲ್ಲೇ ಇಟ್ಟುಕೊಂಡು ಬೆಂಕಿ ಹಚ್ಚಿದರೆ ಅದು ಉರಿದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲ ಬಿಡುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಒಂದು ತೂತಾದರೆ ಬೆಸುಗೆ ಹಾಕಿಸಬಹುದು. ಬೆಸುಗೆಯುದ್ದಕ್ಕೂ ತೂತುಗಳಿದ್ದರೆ ನನ್ನ ಪ್ರಕಾರ ದುಡ್ಡು ದಂಡ.

ಪಫ್ ತುಂಬುವುದು ಮಾತ್ರ ಕೈಯಾರೆ ಮಾಡಬಹುದಾದದ್ದು. ಎರಡು ದ್ರವ ಬರುತ್ತದೆ, ಬೆರೆಸಿದರೆ ಕೆಲವೇ ಕ್ಷಣದಲ್ಲಿ ಉಬ್ಬಲು ಶುರು. ಒಳಗೆ ಒಣಗಿರಲೇಬೇಕು. ಹಸಿ ಇದ್ದರೆ ನೀರಿನೊಂದಿಗೆ ಆ ಎರಡು ದ್ರವಗಳಲ್ಲಿ ಒಂದಾದ ಐಸೋಸಯನೇಟ್ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟಿ, ನೊರೆ ಸಡಿಲವಾಗಿ ಸ್ಟೀಲ್‌ಗೆ ಅಂಟುವುದಿಲ್ಲ. ಸ್ವಲ್ಪ ಸ್ವಲ್ಪವೇ ಸುರಿಯಿರಿ, ಜಾಸ್ತಿಯಾದರೆ ಶೀಟನ್ನೇ ಉಬ್ಬಿಸುತ್ತದೆ. ಕೈಗವಸು, ಮಾಸ್ಕ್ ಬೇಕು. ಶೀಟ್ ಮುಚ್ಚಿ ಮೇಲಿನ ಸಂದುಗಳಿಗೆಲ್ಲ ಸೀಲೆಂಟ್ ಹಚ್ಚಿ, ತೀರಾ ಕೆಳಗಿನ ಸಂದನ್ನು ಬಿಟ್ಟುಬಿಡಿ. ಹೇಗೋ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಬೇಕಲ್ವಾ?

ರಿಪೇರಿಗೆ ನೀರು ಖಾಲಿ ಮಾಡುವಾಗಲೇ ಒಳ್ಳೆಯ ಟ್ಯಾಂಕ್ ಹಾಳಾಗುವುದುಂಟು. ತಾರಸಿಯಲ್ಲಿ ತಣ್ಣೀರಿನ ವಾಲ್ವ್ ಮುಚ್ಚಿ, ಎರಡು ಮಹಡಿ ಕೆಳಗಿನ ನಲ್ಲಿ ತೆರೆಯುತ್ತಾರೆ. ಆರು ಮೀಟರ್ ನೀರಿನ ಕಂಬ ಕೆಳಗೆ ಎಳೆಯುತ್ತದೆ. ಏರ್ ವೆಂಟ್ ಪೈಪ್ ಸುಣ್ಣ ಕಟ್ಟಿ ಮುಚ್ಚಿದ್ದರೆ ಮೇಲಿನಿಂದ ಗಾಳಿ ಬರುವುದಿಲ್ಲ. ಹೊರಗಿನ ಗಾಳಿಯ ಒತ್ತಡ ಪ್ರತಿ ಚದರ ಮೀಟರ್‌ಗೆ ಸುಮಾರು 10 ಟನ್. ಒಳಗಿನ ಒತ್ತಡ ಅದರ ಹತ್ತನೇ ಒಂದು ಭಾಗ ಕಡಿಮೆಯಾದರೂ ತೆಳು ಸ್ಟೀಲ್ ಮೇಲೆ ಚದರ ಮೀಟರ್‌ಗೆ ಒಂದು ಟನ್ ಬೀಳುತ್ತದೆ. ಒಳ ಟ್ಯಾಂಕ್ ಮುದುಡಿ, ಪಫ್‌ನಿಂದ ಬಿಟ್ಟು, ಬೆಸುಗೆ ಸೀಳುತ್ತದೆ. ಹಾಗಾಗಿ ವಾಲ್ವ್ ಮುಟ್ಟುವ ಮೊದಲು ವೆಂಟ್ ಪೈಪ್ ತೆರೆದಿದೆಯಾ ಅಂತ ನೋಡಬೇಕು.

ಮತ್ತೆ ತುಂಬುವುದಕ್ಕೆ ಸರಿಯಾದ ಹೊತ್ತು ನಸುಕು, ಇಲ್ಲವೇ ಸೂರ್ಯ ಮುಳುಗಿ ಸಾಕಷ್ಟು ಹೊತ್ತಾದ ಮೇಲೆ. ಖಾಲಿ ಗಾಜಿನ ಟ್ಯೂಬ್ ಬಿಸಿಲಿನಲ್ಲಿ ನಿಂತರೆ ಒಳಗೆ 200 ಡಿಗ್ರಿ ದಾಟುತ್ತದೆ. ಅದರೊಳಗೆ ತಣ್ಣೀರು ಬಿಟ್ಟರೆ ಟ್ಯೂಬ್ ಒಂದೊಂದೇ ಒಡೆಯುತ್ತದೆ. ಕೆಲಸ ಮಧ್ಯಾಹ್ನಕ್ಕೆ ಮುಗಿದು ತಕ್ಷಣ ನೀರು ಬೇಕೇ ಬೇಕು ಅಂದರೆ, ಬೆಳಿಗ್ಗೆಯೇ ಟ್ಯೂಬ್‌ಗಳ ಮೇಲೆ ದಪ್ಪ ಟಾರ್ಪಾಲು ಕಟ್ಟಿಟ್ಟಿರಬೇಕು.